ಓಡಿಸಿದವರು

ಏಣಿಲು ಬೆಳೆಯ ಕೊಯ್ಲು ಮುಗಿದು ಕಂಬಳದ ಋತು ಕಾಲಿಟ್ಟಿತೆಂದರೆ, ದಕ್ಷಿಣ ಕನ್ನಡದ ದಿನಪತ್ರಿಕೆಗಳಲ್ಲಿ ವಾರಾಂತ್ಯ ಕಳೆದೊಡನೆ ಒಂದು ಫಲಿತಾಂಶದ ಪಟ್ಟಿ ಅಚ್ಚಾಗುತ್ತದೆ. ಆ ಪಟ್ಟಿಯ ಒಕ್ಕಣೆಗೆ ಒಂದು ಕ್ರಮವಿದೆ. ಮೊದಲು ಸ್ಪರ್ಧೆಯ ವಿಭಾಗ. ಬಳಿಕ ‘ಪ್ರಥಮ’ ಎಂಬ ಶಬ್ದ. ಅದರ ಮುಂದೆ ಕೋಣಗಳ ಯಜಮಾನರ ಊರು, ಮನೆ, ಹೆಸರು. ಅವರಲ್ಲಿ ಒಂದಕ್ಕಿಂತ ಹೆಚ್ಚು ಜೋಡಿ ಕೋಣಗಳಿದ್ದರೆ ‘ಎ’ ಅಥವಾ ‘ಬಿ’ ಎಂಬ ಗುರುತು. ಇಷ್ಟೆಲ್ಲ ಆದ ಮೇಲೆ, ಸಾಲಿನ ತುದಿಗೆ, ‘ಓಡಿಸಿದವರು’ ಎಂದು ಇನ್ನೊಬ್ಬರ ಹೆಸರು.

ಸಾವಿರಾರು ಜನ ಇರುಳೆಲ್ಲ ನಿದ್ದೆಗೆಟ್ಟು ಕಣ್ಣು ನೆಟ್ಟಿದ್ದುದು ಈ ಇನ್ನೊಬ್ಬರ ಮೇಲೆ. ಆದರೆ ಗೆದ್ದವರ ಸ್ಥಾನದಲ್ಲಿ ಅವರಿಲ್ಲ. ವ್ಯಾಕರಣದ ಕಣ್ಣಿಗೂ ಆ ಪದ ಸ್ವಾರಸ್ಯವಾಗಿಯೇ ಇದೆ. ‘ಓಡಿದವರು’ ಎಂದು ಪತ್ರಿಕೆ ಬರೆಯುವುದಿಲ್ಲ, ‘ಓಡಿಸಿದವರು’ ಎನ್ನುತ್ತದೆ. ಓಡಿದ್ದು ಕೋಣ, ಇವರು ಪ್ರೇರಕರು. ತಾವೂ ಅಷ್ಟೇ ದೂರವನ್ನು, ಅಷ್ಟೇ ವೇಗದಲ್ಲಿ, ಬರಿಗಾಲಿನಲ್ಲಿ ಓಡಿದರೆಂಬ ಸಂಗತಿ ಆ ಒಂದು ಪ್ರತ್ಯಯದ ಹೊಟ್ಟೆಯೊಳಗೆ ಅಡಗಿಹೋಗಿದೆ.

ಹಾಗೆಂದು ಯಜಮಾನರನ್ನು ದೂರುವುದು ಸುಲಭವೇ ಹೊರತು ನ್ಯಾಯವಲ್ಲ. ಒಂದು ಜೋಡಿ ಕೋಣ ಸಾಕುವುದೆಂದರೆ ಮನೆಯಲ್ಲಿ ವರ್ಷವಿಡೀ ಇಬ್ಬರು ಅಳಿಯಂದಿರನ್ನು ಇರಿಸಿಕೊಂಡಂತೆ. ಹುರುಳಿ ಬೇಯಬೇಕು, ಎಣ್ಣೆ ತಿಕ್ಕಬೇಕು, ಈಜಿಸಬೇಕು, ಸೆಕೆಯಾದರೆ ಗಾಳಿ ಬೀಸಬೇಕು. ಗೆದ್ದಾಗ ಬರುವ ಚಿನ್ನದ ಪದಕ ಈ ಖರ್ಚಿನ ಮೂಲೆಗೂ ಸಾಲದು. ಅವರು ಇದನ್ನು ಮಾಡುವುದು ಮನೆತನದ ಹೆಸರಿಗಾಗಿ. ಆ ಹೆಸರು ಪಟ್ಟಿಯ ಮೊದಲಲ್ಲಿ ಇರಬೇಕೆಂಬುದು ಸಹಜವಾದ ಆಸೆಯೇ. ನಮ್ಮ ಸಾಹಿತ್ಯದ ಹಳೆಯ ಲೆಕ್ಕವೂ ಹೀಗೆಯೇ ಇತ್ತಷ್ಟೆ? ಪಂಪನು ತನ್ನ ಒಡೆಯನಾದ ಅರಿಕೇಸರಿಯನ್ನು ಅರ್ಜುನನೊಡನೆ ಒಂದಾಗಿಸಿ ಭಾರತದ ಕಥೆಯನ್ನೇ ಅವನ ಕೀರ್ತಿಗೆ ಹೊಂದಿಸಿದ. ಪ್ರತಿಯಾಗಿ ಧರ್ಮವುರವೆಂಬ ಅಗ್ರಹಾರವನ್ನು ಪಡೆದ. ಇಂದು ಅರಿಕೇಸರಿಯ ಹೆಸರನ್ನು ನಾವು ಬಲ್ಲೆವಾದರೆ ಅದು ಪಂಪನ ದೆಸೆಯಿಂದ. ಕಂಬಳದ ಪಂಪರಿಗೆ ಅಗ್ರಹಾರ ದೊರೆಯುವ ಮಾತಿಲ್ಲ. ಅವರ ಹೆಸರು ಅಚ್ಚಾದ ಕಾಗದವೂ ನಾಲ್ಕು ದಿನದಲ್ಲಿ ನೆಲಗಡಲೆ ಕಟ್ಟಲು ಅಂಗಡಿಗೆ ಹೋಗುತ್ತದೆ.

2023ರ ನವೆಂಬರು 25 ಮತ್ತು 26ರಂದು ಬೆಂಗಳೂರಿನ ಅರಮನೆ ಮೈದಾನದಲ್ಲೇ ಕಂಬಳ ನಡೆದುದರಿಂದ ರಾಜಧಾನಿಯ ವಾಚಕರಿಗೆ ಈ ಕ್ರೀಡೆ ಈಗ ತೀರ ಅಪರಿಚಿತವಲ್ಲ. ಆದರೂ ಗದ್ದಲದಲ್ಲಿ ಕೊಂಬು ಕಂಡಿತು, ಕೆಸರು ಕಂಡಿತು, ಮನುಷ್ಯ ಕಾಣಲಿಲ್ಲ ಎಂದವರುಂಟು. ಅವರಿಗಾಗಿ ಒಂದೆರಡು ಮಾತು.

ನೀರು ನಿಲ್ಲಿಸಿ ಹದಗೊಳಿಸಿದ ಕೆಸರಿನ ನೀಳವಾದ ಓಣಿಗೆ ‘ಕರೆ’ ಎಂದು ಹೆಸರು. ಅಕ್ಕಪಕ್ಕದಲ್ಲಿ ಎರಡಿದ್ದರೆ ಜೋಡುಕರೆ. ಎರಡೂ ಕರೆಗಳಿಗೆ ಜೋಡಿ ಹೆಸರು: ಮೂಡುಬಿದಿರೆಯ ಕಡಲಕೆರೆಯಲ್ಲಿ ಕೋಟಿ–ಚೆನ್ನಯ, ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಸೂರ್ಯ–ಚಂದ್ರ, ಬಂಟ್ವಾಳ ತಾಲೂಕಿನ ಕಕ್ಯಪದವಿನಲ್ಲಿ ಸತ್ಯ–ಧರ್ಮ. ಸತ್ಯವು ಧರ್ಮವನ್ನು ಸೋಲಿಸಿದ ದಿನವೂ, ಧರ್ಮವು ಸತ್ಯವನ್ನು ಹಿಂದೆ ಹಾಕಿದ ದಿನವೂ ಜನ ನೆಮ್ಮದಿಯಿಂದಲೇ ಮನೆಗೆ ಹೋಗುತ್ತಾರೆ. ಓಟ ಹೊರಡುವ ತುದಿ ‘ಗಂತು’. ಮುಗಿಯುವ ತುದಿಯಲ್ಲಿರುವ ಏರು ‘ಮಂಜೊಟ್ಟಿ’. ನೇಗಿಲು, ಹಗ್ಗ, ಅಡ್ಡ ಹಲಗೆ, ಕನೆ ಹಲಗೆ ಎಂದು ವಿಭಾಗಗಳು. ಇವುಗಳಲ್ಲಿ ನೇಗಿಲು ಮತ್ತು ಹಗ್ಗಗಳಿಗೆ ಹಿರಿಯ, ಕಿರಿಯ ಎಂಬ ಒಳಭೇದ. ಹಲಗೆಯ ಓಟದಲ್ಲಿ ಓಡಿಸುವವನು ಕೋಣಗಳು ಎಳೆದೊಯ್ಯುವ ಮರದ ಮೇಲೆ ಕಾಲೂರಿ ನಿಲ್ಲುತ್ತಾನೆ. ಕನೆ ಹಲಗೆಯಲ್ಲಂತೂ ಮರದ ತೂತಿನಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಯ ಬಟ್ಟೆಯನ್ನು ಮುಟ್ಟಬೇಕು. ಅಲ್ಲಿ ವೇಗಕ್ಕಿಂತ ಎತ್ತರಕ್ಕೆ ಬೆಲೆ. ಆ ವಿಭಾಗಗಳಲ್ಲಿ ಪತ್ರಿಕೆಯ ಪಟ್ಟಿ ‘ಹಲಗೆ ಮುಟ್ಟಿದವರು’ ಎಂದು ಬರೆಯುತ್ತದೆ.

ನೇಗಿಲು ಮತ್ತು ಹಗ್ಗದ ವಿಭಾಗಗಳೇ ಓಟಗಾರನ ನಿಜವಾದ ಪರೀಕ್ಷೆ. ಒಂದು ಕೈಯಲ್ಲಿ ಹಗ್ಗ ಅಥವಾ ನೇಗಿಲಿನ ಹಿಡಿ, ಇನ್ನೊಂದು ಕೈಯಲ್ಲಿ ಬೆತ್ತ. ಗಂತಿನಲ್ಲಿ ಹಲವರು ಸೇರಿ ಕೋಣಗಳನ್ನು ಹಿಡಿದು ನಿಲ್ಲಿಸಿರುತ್ತಾರೆ. ಸನ್ನೆ ದೊರೆತೊಡನೆ ಬಿಡುತ್ತಾರೆ. ಅಲ್ಲಿಂದ ಮುಂದೆ ಹದಿಮೂರು ಹದಿನಾಲ್ಕು ಸೆಕೆಂಡು ಅವನಿಗೆ ಯಾರೂ ಇಲ್ಲ. ಎರಡು ಕೋಣಗಳು ಸಮವಾಗಿ ಹೊರಡಬೇಕು. ಒಂದು ಅರ್ಧ ಹೆಜ್ಜೆ ಹಿಂದಾದರೆ ನೊಗ ಓರೆಯಾಗುತ್ತದೆ. ಓಟಗಾರನು ಹಗ್ಗವನ್ನು ಹಿಂದಕ್ಕೆ ಜಗ್ಗಿದರೆ ಕೋಣಕ್ಕೆ ಭಾರವಾಗುತ್ತಾನೆ, ಸಡಿಲ ಬಿಟ್ಟರೆ ತಾನೇ ಉರುಳುತ್ತಾನೆ. ಜಗ್ಗದೆ, ಸಡಿಲಿಸದೆ, ಕಣ್ಣಿಗೆ ಎರಚುವ ಕೆಸರುನೀರಿನ ನಡುವೆ ಕಾಲಿಗೆ ನೆಲ ಹುಡುಕಿಕೊಳ್ಳುವುದೇ ವಿದ್ಯೆ. ಹೆಸರಾಂತ ಓಟಗಾರರು ಒಂದೇ ಕಂಬಳದಲ್ಲಿ ಎರಡು ಮೂರು ವಿಭಾಗಗಳಲ್ಲಿ ಓಡಿಸುವುದುಂಟು. ಲೀಗು, ಕ್ವಾರ್ಟರು, ಸೆಮಿಫೈನಲು, ಫೈನಲು ಎಂದು ಸುತ್ತುಗಳು ಸಾಗುವಾಗ ಶನಿವಾರ ಹಗಲು ಆರಂಭವಾದದ್ದು ಭಾನುವಾರ ಹಗಲಿಗೆ ಮುಗಿಯುತ್ತದೆ. ಮರುವಾರ ಇನ್ನೊಂದು ಊರು, ಇನ್ನೊಂದು ಕರೆ, ಬೇರೆ ಹದದ ಕೆಸರು.

ಋತು ಮುಗಿದರೆ? ಮಾರ್ಚ್, ಏಪ್ರಿಲಿಗೆ ಕರೆಯ ನೀರು ಆರುತ್ತದೆ. ಓಡಿಸಿದವರು ಅಡಿಕೆ ತೋಟಕ್ಕೋ, ಕಟ್ಟಡದ ಕೆಲಸಕ್ಕೋ, ಗದ್ದೆಗೋ ಹಿಂದಿರುಗುತ್ತಾರೆ. ಯಜಮಾನರಿಗೂ ಅವರಿಗೂ ನಡುವಣ ಕರಾರು ಬಹುಮಟ್ಟಿಗೆ ಬಾಯಿಮಾತಿನದು. ಮಾತು ತಪ್ಪಿದವರು ಕಡಮೆ ಎಂಬುದು ಈ ಸೀಮೆಯ ಹೆಮ್ಮೆ. ಆದರೆ ಮೊಣಕಾಲಿಗೆ ಪೆಟ್ಟಾದ ವರ್ಷ ಬಾಯಿಮಾತು ಎಷ್ಟು ದೂರ ನಡೆದೀತು?

ಈ ಮಂದಿಯಲ್ಲಿ ಒಬ್ಬರ ಹೆಸರು ಒಮ್ಮೆ ದೇಶದ ಬಾಯಲ್ಲೆಲ್ಲ ಬಂದಿತು. 2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರು ಉದ್ದದ ಕರೆಯನ್ನು 13.62 ಸೆಕೆಂಡುಗಳಲ್ಲಿ ಮುಗಿಸಿದರು. ಮಿಜಾರು ಮೂಡುಬಿದಿರೆಯ ನೆರೆಯ ಊರು. ಆಗ ಗೌಡರಿಗೆ 28 ವರ್ಷ. ಕಟ್ಟಡದ ಕೆಲಸವೂ ಅವರ ಜೀವನೋಪಾಯವಾಗಿತ್ತು. ಯಾರೋ ಲೆಕ್ಕದ ಪಟುಗಳು ಆ ಅವಧಿಯನ್ನು ಭಾಗಿಸಿ, ನೂರು ಮೀಟರಿಗೆ 9.55 ಸೆಕೆಂಡು ಬರುತ್ತದೆಂದು ಕಂಡುಹಿಡಿದರು. ಜಮೈಕದ ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್ನಿನಲ್ಲಿ ಸ್ಥಾಪಿಸಿದ ವಿಶ್ವದಾಖಲೆ 9.58. ಇನ್ನೇನು ಬೇಕು! ಎರಡು ವಾರದೊಳಗೆ ಗೌಡರು ‘ಭಾರತದ ಬೋಲ್ಟ್’ ಆದರು. ಕೇಂದ್ರದ ಕ್ರೀಡಾ ಸಚಿವರಾಗಿದ್ದ ಕಿರಣ್ ರಿಜಿಜು ಅವರು ಪರೀಕ್ಷಾರ್ಥ ಓಟಕ್ಕೆ ಕರೆಸುವುದಾಗಿ ಪ್ರಕಟಿಸಿದರು. ಮುಖ್ಯಮಂತ್ರಿಗಳಾಗಿದ್ದ ಯಡಿಯೂರಪ್ಪನವರು ಬೆಂಗಳೂರಿಗೆ ಬರಮಾಡಿಕೊಂಡು ಸನ್ಮಾನಿಸಿ 3 ಲಕ್ಷ ರೂಪಾಯಿಯ ಚೆಕ್ಕು ಕೊಟ್ಟರು. ಅದೇ ತಿಂಗಳು ವೇಣೂರಿನ ಕರೆಯಲ್ಲಿ ಬಜಗೋಳಿ ಜೋಗಿಬೆಟ್ಟಿನ ನಿಶಾಂತ್ ಶೆಟ್ಟರು 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಗಿಸಿದ ಸುದ್ದಿ ಬಂದಾಗ, ದೇಶಕ್ಕೆ ಒಬ್ಬ ಬೋಲ್ಟ್ ಸಾಲದೆ ಇನ್ನೊಬ್ಬರು ದೊರೆತಂತಾಯಿತು.

ಆ ಗದ್ದಲದಲ್ಲಿ ಎಲ್ಲರಿಗಿಂತ ವಿವೇಕದಿಂದ ಮಾತಾಡಿದವರು ಶ್ರೀನಿವಾಸ ಗೌಡರೇ. ಕಂಬಳದಲ್ಲಿ ಹಿಮ್ಮಡಿಯ ಬಲದಿಂದ ಓಡುವುದು, ಓಟದ ಟ್ರ್ಯಾಕಿನಲ್ಲಿ ಕಾಲ್ಬೆರಳ ಬಲದಿಂದ. ಅದು ಬೇರೆ, ಇದು ಬೇರೆ, ಮೇಲಾಗಿ ಇಲ್ಲಿನ ಓಟದಲ್ಲಿ ಕೋಣಗಳ ಪಾಲೂ ಇದೆ ಎಂಬ ಅರ್ಥದ ಮಾತನ್ನು ಅವರು ಪತ್ರಕರ್ತರೆದುರು ಹೇಳಿದರು. ಪರೀಕ್ಷಾರ್ಥ ಓಟಕ್ಕೆ ಹೋಗಲಿಲ್ಲ. ಋತು ಇನ್ನೂ ಮುಗಿದಿರಲಿಲ್ಲ, ಮಾತು ಕೊಟ್ಟ ಯಜಮಾನರಿದ್ದರು, ಕಾಲಿಗೆ ಪೆಟ್ಟೂ ಆಗಿತ್ತು. ಕೆಲವರಿಗೆ ಇದು ಅಂಜಿಕೆಯಾಗಿ ಕಂಡಿತು. ನನಗೆ ಹಾಗೆ ತೋರುವುದಿಲ್ಲ. ತನ್ನ ವಿದ್ಯೆಯ ಗಡಿ ಎಲ್ಲಿದೆಯೆಂದು ಬಲ್ಲವನು ಅದರೊಳಗೆ ದೊರೆಯಾಗಿರುತ್ತಾನೆ. ಯಕ್ಷಗಾನದ ಭಾಗವತರನ್ನು, ಕಂಠ ಚೆನ್ನಾಗಿದೆಯೆಂಬ ಕಾರಣಕ್ಕೆ, ಸಿನೆಮಾ ಹಾಡಿಗೆ ಕರೆದೊಯ್ದು ಪರೀಕ್ಷೆ ಮಾಡಿದರೆ ನಷ್ಟ ಯಾರಿಗೆ?

ಭಾಗಾಕಾರವೂ ಸರಿಯಲ್ಲ. ಓಟಗಾರನು ಕೋಣಗಳ ಎಳೆತಕ್ಕೆ ಕೈಕೊಟ್ಟು ಓಡುತ್ತಾನೆ, ಬೋಲ್ಟನಿಗೆ ಆ ಸಹಾಯವಿಲ್ಲ. ಬೋಲ್ಟನ ಕಾಲಡಿ ಗಟ್ಟಿಯಾದ ನೆಲವಿದೆ, ಓಟಗಾರನ ಕಾಲಡಿ ಮೊಣಕಾಲು ಹಿಡಿಯುವ ಕೆಸರು. ಅಲ್ಲದೆ ಒಂದು ಊರಿನ ಕರೆ ಇನ್ನೊಂದು ಊರಿನ ಕರೆಯಂತಿಲ್ಲ. ಉದ್ದ ಬೇರೆ, ಕೆಸರಿನ ಆಳ ಬೇರೆ. ಈಚಿನ ವರ್ಷಗಳಲ್ಲಿ ಮಂಜೊಟ್ಟಿಯಲ್ಲಿ ಲೇಸರ್ ಕಿರಣದಿಂದ ಗೆಲವು ನಿರ್ಣಯಿಸುವುದರಿಂದ, ಯಾರು ಮುಂದೆಂಬ ಜಗಳ ತಗ್ಗಿದೆ, ಒಳ್ಳೆಯದೇ. ಆದರೆ ವೇಣೂರಿನ ಸೆಕೆಂಡನ್ನು ಐಕಳದ ಸೆಕೆಂಡಿನೊಡನೆ ತಕ್ಕಡಿಯಲ್ಲಿಡಲು ಬಾರದು. ಹಾಗಾದರೆ ಈ ಓಟಗಾರರ ಯೋಗ್ಯತೆಯನ್ನು ಯಾವುದರಿಂದ ಅಳೆಯಬೇಕು?

ಇಲ್ಲಿ ನನಗೆ ಬೋಲ್ಟನಿಗಿಂತ ಜಪಾನಿನ ಒಬ್ಬ ಫುಟ್‌ಬಾಲ್ ಆಟಗಾರನು ಹೆಚ್ಚು ನೆನಪಾಗುತ್ತಾನೆ. ಹೋಲಿಕೆ ದೂರದ್ದೆಂದು ತೋರಬಹುದು. ಆದರೆ ವೇಗದ ಮಾತು ಬಿಟ್ಟು ಬಾಳುವೆಯ ಮಾತಿಗೆ ಬಂದರೆ ಈತನೇ ಹತ್ತಿರದ ನಂಟ.

ಫುಟ್‌ಬಾಲಿನಲ್ಲಿ ಗೋಲು ಹೊಡೆಯುವ ಮುಂಪಡೆಯವರು ಬೇರೆ, ತಡೆಯುವ ಹಿಂಪಡೆಯವರು ಬೇರೆ. ಇವೆರಡರ ನಡುವೆ ಇಡೀ ಪಂದ್ಯದುದ್ದಕ್ಕೂ ಅತ್ತಿಂದಿತ್ತ ಓಡುತ್ತ, ಚೆಂಡನ್ನು ಕಿತ್ತು, ಹದ ಮಾಡಿ, ಮುಂದಿನವನ ಕಾಲಿಗೆ ಒಪ್ಪಿಸುವವನು ನಡುಪಡೆಯ ಆಟಗಾರ. ಮಿಡ್‌ಫೀಲ್ಡರ್ ಎಂದರೆ ಮನೆಯ ಮಕ್ಕಳಿಗೆ ಬೇಗ ತಿಳಿದೀತು. ಹೆಚ್ಚಿನ ಪಂದ್ಯಗಳಲ್ಲಿ ಕೂಗು ಕೇಳುವುದು ಗೋಲು ಹೊಡೆದವನಿಗೆ, ಓಡಿಸಿದವನು ಇವನು. ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಚಾಪ್ಮನ್ ಈ ಬಗೆಯವರು. ಈಸ್ಟ್ ಬೆಂಗಾಲ್ ತಂಡದ ಪರವಾಗಿ 1993ರಲ್ಲಿ ಇರಾಕಿನ ಅಲ್ ಜವ್ರಾ ತಂಡದ ವಿರುದ್ಧ ಮೂರು ಗೋಲು ಹೊಡೆದು, ಮುಂದೆ ಭಾರತ ತಂಡದ ನಾಯಕರೂ ಆದ ಅವರು 2020ರ ಅಕ್ಟೋಬರಿನಲ್ಲಿ, 49ರ ಪ್ರಾಯದಲ್ಲಿ, ತೀರಿಕೊಂಡಾಗ ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಆ ಹೆಸರು ಮಾತಿಗೆ ಬಂದಿತು?

ಜಪಾನಿನವನ ಹೆಸರು ಕಜುಶಿ ಕಿಮುರ. ಹುಟ್ಟಿದ್ದು 1958ರಲ್ಲಿ, ಹಿರೋಶಿಮದಲ್ಲಿ. ವಿಶ್ವವಿದ್ಯಾಲಯದ ಓದು ಮುಗಿಸಿ ನಿಸ್ಸಾನ್ ಮೋಟಾರು ಕಂಪೆನಿಯ ತಂಡವನ್ನು ಸೇರಿದ. ಆಗ ಅಲ್ಲಿ ಫುಟ್‌ಬಾಲ್ ಯಾರ ಕಸುಬೂ ಆಗಿರಲಿಲ್ಲ. 1965ರಲ್ಲಿ ಆರಂಭವಾದ ಜಪಾನಿನ ಲೀಗಿನಲ್ಲಿ ಆಡುತ್ತಿದ್ದವು ಕಂಪೆನಿಗಳ ತಂಡಗಳು: ಉಕ್ಕಿನ ಕಾರ್ಖಾನೆಯದೊಂದು, ವಿದ್ಯುತ್ ಉಪಕರಣದವರದೊಂದು, ಮೋಟಾರಿನವರದೊಂದು. ಆಟಗಾರರು ಕಂಪೆನಿಯ ನೌಕರರು. ಇದರಲ್ಲಿ ಒಂದು ಗೌರವವೂ ಇತ್ತು, ಒಂದು ಅಭಯವೂ ಇತ್ತು. ಕಾಲು ಸೋತ ದಿನ ಮೇಜು ಕುರ್ಚಿ ಕಾದಿರುತ್ತಿತ್ತು. ಇಲ್ಲದ್ದು ಒಂದೇ, ಆಟಗಾರನೆಂಬ ಹೆಸರು. ಆ ಹೆಸರಿಗಾಗಿ ಯಸುಹಿಕೊ ಒಕುದೆರ ಎಂಬಾತ 1977ರಲ್ಲಿ ಜರ್ಮನಿಯ ಕೋಲ್ನ್ ನಗರದ ತಂಡಕ್ಕೆ ಹೊರಟುಹೋದ. ಮರುವರ್ಷವೇ ಆ ತಂಡ ಜರ್ಮನಿಯ ಲೀಗನ್ನೂ ಕಪ್ಪನ್ನೂ ಗೆದ್ದಿತು. ಒಂಬತ್ತು ವರ್ಷ ಅಲ್ಲಿ ಆಡಿ 1986ರಲ್ಲಿ ಅವನು ತಾಯ್ನಾಡಿಗೆ ಮರಳಿದಾಗ, ಅವನನ್ನು ಯಾವ ಲೆಕ್ಕಕ್ಕೆ ಬರೆದುಕೊಳ್ಳಬೇಕೆಂಬ ಸಮಸ್ಯೆ ಎದ್ದಿತು. ಆಗ ಜಪಾನಿನವರು ವಿಶೇಷ ಪರವಾನಗಿಯ ಆಟಗಾರರೆಂಬ ಹೊಸ ಕಾಲಂ ತೆರೆದರು. ಅದರಲ್ಲಿ ಬರೆದ ಮೊದಲ ಎರಡು ಹೆಸರುಗಳು ಒಕುದೆರ ಮತ್ತು ಕಿಮುರ.

ಅದರ ಹಿಂದಿನ ವರ್ಷ, 1985ರ ಅಕ್ಟೋಬರು 26ರಂದು, ಟೋಕಿಯೋದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ದಕ್ಷಿಣ ಕೊರಿಯದ ಎದುರು ವಿಶ್ವಕಪ್ ಅರ್ಹತೆಯ ಪಂದ್ಯ. ಬಹಳ ದೂರದಿಂದ ಕಿಮುರ ಹೊಡೆದ ಫ್ರೀ ಕಿಕ್ ಗೋಡೆಯಂತೆ ನಿಂತವರ ತಲೆಯ ಮೇಲಿಂದ ಬಾಗಿ ಗೋಲಿನೊಳಗೆ ಬಿದ್ದಿತು. ಜಪಾನ್ ಆ ಪಂದ್ಯವನ್ನು 1–2ರಿಂದ ಸೋತಿತು. ಆದರೂ ಆ ಗೋಲನ್ನು ಅಲ್ಲಿನವರು ಇಂದಿಗೂ ನೆನೆಯುತ್ತಾರೆ. ಕೊನೆಗೆ 1993ರ ಮೇ 15ರಂದು ಹತ್ತು ತಂಡಗಳ ವೃತ್ತಿಪರ ಲೀಗು ಆರಂಭವಾದಾಗ ನಿಸ್ಸಾನ್ ತಂಡವು ಯೊಕೊಹಾಮ ಮಾರಿನೋಸ್ ಎಂಬ ಹೊಸ ಹೆಸರಿನಲ್ಲಿ ಮೊದಲ ಪಂದ್ಯವನ್ನು ಗೆದ್ದಿತು. ಕಿಮುರನಿಗೆ ಆಗ 34 ವರ್ಷ. ಮರುವರ್ಷ ನಿವೃತ್ತನಾದ. ಬಾಗಿಲು ತೆರೆದವನಿಗೆ ಅಂಗಳದಲ್ಲಿ ನಡೆಯಲು ದೊರೆತದ್ದು ಒಂದೆರಡು ವರ್ಷ ಮಾತ್ರ. ದೇಶಕ್ಕಾಗಿ 54 ಪಂದ್ಯ, 26 ಗೋಲು: ಅವನ ಹೆಸರಿನ ಮುಂದೆ ಇಷ್ಟು ಬರೆದಿಟ್ಟಿದ್ದಾರೆ. ಬೇಕಾದವರು ತೆರೆದು ನೋಡಬಹುದು.

ನನ್ನ ಕಣ್ಣು ನಿಂತದ್ದು ಆ ಲೆಕ್ಕದ ಮೇಲೆ. ಐಕಳದ ಓಟ ಲೋಕಪ್ರಸಿದ್ಧವಾದಾಗ ನಾವು ಶ್ರೀನಿವಾಸ ಗೌಡರನ್ನು ಬೇರೊಂದು ಆಟಕ್ಕೆ ಎರವಲು ಕೊಡಲು ಹೊರಟೆವೇ ಹೊರತು, ಅವರ ಆಟದಲ್ಲೇ ಅವರಿಗೊಂದು ಕಾಲಂ ತೆರೆಯುವ ಯೋಚನೆ ಮಾಡಲಿಲ್ಲ. ಓಡಿಸಿದವರು ಎಷ್ಟು ಕರೆಗಳಲ್ಲಿ, ಎಷ್ಟು ಋತು, ಯಾವ ವಿಭಾಗಗಳಲ್ಲಿ, ಯಾರ ಕೋಣಗಳನ್ನು ಓಡಿಸಿದರು ಎಂಬುದೇ ಅವರ ಸಾಧನೆ. ಸೆಕೆಂಡಿನ ಭಾಗಾಕಾರ ಬೇಕಿಲ್ಲ. ಗ್ರಾಮೀಣ ಕ್ರೀಡೆಗಳಿಗೆಂದು ರಾಜ್ಯ ಸರಕಾರ ಕೊಡುವ ಕ್ರೀಡಾರತ್ನ ಪ್ರಶಸ್ತಿ ಕಂಬಳದವರಿಗೂ ದೊರೆತಿದೆ, ಸಂತೋಷ. ಕಾರ್ಕಳದ ಮಿಯಾರಿನಲ್ಲಿ ಗುಣಪಾಲ ಕಡಂಬರು ನಡೆಸಿಕೊಂಡು ಬಂದ ಕಂಬಳ ಅಕಾಡೆಮಿ 2011ರಿಂದ ಯುವಕರಿಗೆ ಓಡಿಸುವ ವಿದ್ಯೆಯನ್ನು ಪಾಠಕ್ರಮವಾಗಿ ಕಲಿಸಿದೆ. ಇದು ಪ್ರಶಸ್ತಿಗಿಂತ ದೊಡ್ಡ ಕೆಲಸ. ಕಲಿತವರು ಮೂವತ್ತೈದು ದಾಟಿದ ಮೇಲೆ ಏನು ಮಾಡಬೇಕೆಂಬ ಪ್ರಶ್ನೆ ಮಾತ್ರ ಉಳಿದಿದೆ. ಜಪಾನಿನ ಕಂಪೆನಿಯ ಮೇಜು ಕುರ್ಚಿ ಇವರಿಗೆ ಇಲ್ಲ. ವೃತ್ತಿಪರರ ಪರವಾನಗಿಯೂ ಇಲ್ಲ.

ಹೊಕ್ಕಾಡಿಗೋಳಿಯ ಕರೆಯ ಬದಿಯಲ್ಲಿ ಒಂದು ಇರುಳು ಇಂಥ ಒಬ್ಬರು ನನ್ನ ಪಕ್ಕದಲ್ಲಿ ಕುಳಿತಿದ್ದರು. ಬಂಟ್ವಾಳ ತಾಲೂಕಿನವರು, ನಲವತ್ತು ಮೀರಿದ ಪ್ರಾಯ, ಹಲವು ವರ್ಷ ಹಗ್ಗದ ವಿಭಾಗದಲ್ಲಿ ಓಡಿಸಿದವರು. ಈಗ ಅಡಿಕೆ ಸುಲಿಯುವ ಕೆಲಸ. ಕೆಳಗೆ ಒಂದು ಜೋಡಿ ಗಂತಿನಿಂದ ಬಿಟ್ಟೊಡನೆ ಅವರ ಬಲಗೈ ತಾನಾಗಿ ಮುಷ್ಟಿ ಕಟ್ಟುತ್ತಿತ್ತು. ಜೋಡಿ ಮಂಜೊಟ್ಟಿ ಹತ್ತಿದ ಮೇಲೆ ಸಡಿಲುತ್ತಿತ್ತು.

“ಯಾವಾಗ ಬಿಟ್ಟಿರಿ?” ಎಂದೆ.

“ನಾನು ಬಿಟ್ಟದ್ದಲ್ಲ ಮಾಷ್ಟ್ರೇ, ಕೋರ್ಟು ಬಿಡಿಸಿತು.”

ಅವರ ಮಾತಿನ ಹಿನ್ನೆಲೆ ಇದು. 2014ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟು, ಎತ್ತಿನ ಗಾಡಿಯ ಓಟ ಮುಂತಾದವನ್ನು ನಿಷೇಧಿಸಿ ತೀರ್ಪು ಕೊಟ್ಟಿತು. ಅದರ ನೆರಳು ಕಂಬಳದ ಮೇಲೂ ಬಿದ್ದಿತು. 2016ರ ನವೆಂಬರಿನಲ್ಲಿ ರಾಜ್ಯದ ಉಚ್ಚ ನ್ಯಾಯಾಲಯದಿಂದ ತಡೆ ಬಂದಿತು. 2017ರ ಜನವರಿಯಲ್ಲಿ ಮೂಡುಬಿದಿರೆಯ ಬೀದಿಗಳಲ್ಲಿ ಕೋಣಗಳ ಸಮೇತ ಜನಸಾಗರ ನಡೆಯಿತು. ಆ ವರ್ಷ ಅಧ್ಯಾದೇಶ, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ತಿದ್ದುಪಡಿ ಶಾಸನ, 2023ರ ಮೇ 18ರಂದು ಅದನ್ನು ಎತ್ತಿಹಿಡಿದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದ ತೀರ್ಪು. ಹೀಗೆ ಕಂಬಳ ಬದುಕಿತು. ಬೆತ್ತದ ಬಳಕೆಗೆ ಕಡಿವಾಣ ಬಿದ್ದುದು ನನ್ನ ಎಣಿಕೆಯಲ್ಲಿ ಒಳ್ಳೆಯದೇ ಆಯಿತು. ಹೊಡೆತವಿಲ್ಲದೆ ಕೋಣವನ್ನು ಓಡಿಸಬಲ್ಲವನೇ ಹೆಚ್ಚಿನ ಓಟಗಾರನೆಂದು ಬಲ್ಲವರು ಮೊದಲಿನಿಂದಲೂ ಹೇಳುತ್ತಿದ್ದರು.

ಕಂಬಳಕ್ಕೆ ಒಂದು ಋತು ಹೋದರೆ ಇನ್ನೊಂದು ಬಂದೀತು. ಈ ಗೃಹಸ್ಥರಿಗೆ ಆಗ ಮೂವತ್ತಮೂರು. ಒಂದು ಚಳಿಗಾಲ ಕಾಲು ಕೂತಿತು. ಮರುಋತುವಿಗೆ ಕರೆ ಬಂದಾಗ ಅವರ ಹಗ್ಗ ಇಪ್ಪತ್ತರ ಹುಡುಗನೊಬ್ಬನ ಕೈಯಲ್ಲಿತ್ತು.

“ಯಜಮಾನರ ಮೇಲೆ ಸಿಟ್ಟು ಬರಲಿಲ್ಲವೇ?”

“ಎಂಥದಕ್ಕೆ? ಹುಡುಗ ಚೆನ್ನಾಗಿ ಓಡಿಸುತ್ತಿದ್ದ. ಆ ವರ್ಷ ಕೋಣಕ್ಕೆ ಹುರುಳಿ ಬೇಯಿಸುವುದನ್ನು ಅವರು ಒಂದು ದಿನ ನಿಲ್ಲಿಸಲಿಲ್ಲ, ಮಾಷ್ಟ್ರೇ. ಅಂಥ ಯಜಮಾನರು.” ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಒಲೆಯದ್ದು ಬೇರೆ ಲೆಕ್ಕ,” ಎಂದರು. ಅದರಲ್ಲಿ ಕಹಿ ಇರಲಿಲ್ಲ. ಇದ್ದಿದ್ದರೆ ಕೇಳುವವನಿಗೆ ಹಗುರಾಗುತ್ತಿತ್ತು.

ಒಟ್ಟು ಎಷ್ಟು ಪದಕ ಬಂದಿರಬಹುದೆಂದು ಕೇಳಿದೆ. ಪದಕಗಳು ಯಜಮಾನರ ಮನೆಯ ಚಾವಡಿಯಲ್ಲಿವೆ, ಅಲ್ಲಿಗೆ ಹೋದರೆ ಎಣಿಸಬಹುದು ಎಂದರು. ಮೂವರು ಯಜಮಾನರ ಬಳಿ ಓಡಿಸಿದ್ದರಿಂದ ಮೂರು ಚಾವಡಿ ಹತ್ತಬೇಕಾದೀತೆಂದು ನಕ್ಕರು. ಅಷ್ಟರಲ್ಲಿ ಮತ್ತೊಂದು ಜೋಡಿ ಗಂತಿಗೆ ಬಂದಿತು. ಅವರ ಕೈ ಮತ್ತೆ ಬಿಗಿಯಿತು.

ಈ ಸಂಗತಿಯನ್ನು ತರಗತಿಯಲ್ಲಿ ಒಮ್ಮೆ ಪ್ರಸ್ತಾಪಿಸಿದಾಗ, ಬೆಳ್ತಂಗಡಿ ಕಡೆಯಿಂದ ಬರುವ ಒಬ್ಬ ವಿದ್ಯಾರ್ಥಿ ಮರುದಿನ ಒಂದು ದಪ್ಪ ನೋಟುಪುಸ್ತಕವನ್ನು ತಂದು ತೋರಿಸಿದ. ಹೈಸ್ಕೂಲಿನಿಂದ ಈಚೆಗೆ ಅವನು ಪತ್ರಿಕೆಯ ಪಟ್ಟಿಗಳನ್ನು ಕತ್ತರಿಸಿ ಕೂಡಿಡುತ್ತಿದ್ದನಂತೆ. ಅಂಟಿಸಿದ್ದರೆ ಸಾಲುತ್ತಿತ್ತು, ಅವನು ಎಲ್ಲವನ್ನೂ ಕೈಯಲ್ಲಿ ಮರಳಿ ಬರೆದಿದ್ದ. ಒಬ್ಬೊಬ್ಬ ಓಟಗಾರನಿಗೆ ಒಂದೊಂದು ಪುಟ. ಮೇಲೆ ಊರು ಸಹಿತ ಹೆಸರು. ಕೆಳಗೆ ದಿನಾಂಕ, ಕರೆ, ವಿಭಾಗ, ಸ್ಥಾನ. ಕೊನೆಯ ಕಾಲಮಿನಲ್ಲಿ ಯಜಮಾನರು. ಕೆಲವು ಪುಟಗಳು ತುಂಬಿ, ಹಾಳೆ ಅಂಟಿಸಿ ಬೆಳೆದಿದ್ದವು. ಕೆಲವದರಲ್ಲಿ ಒಂದೇ ಸಾಲು: ಯಾವುದೋ ಊರಿನ ಹುಡುಗ, ನೇಗಿಲು ಕಿರಿಯ, ದ್ವಿತೀಯ, ಆಮೇಲೆ ಖಾಲಿ.

ನಾನು ಹೊಕ್ಕಾಡಿಗೋಳಿಯ ಗೃಹಸ್ಥರ ಹೆಸರು ಹೇಳಿದೆ. ಅವನು ಹುಡುಕಿದ, ಇರಲಿಲ್ಲ. ಅವರು ಓಡಿಸಿದ ವರ್ಷಗಳಲ್ಲಿ ಇವನು ಇನ್ನೂ ಪತ್ರಿಕೆ ಓದುವ ಪ್ರಾಯದವನಲ್ಲ. ಕಿಸೆಯಿಂದ ಪೆನ್ನು ತೆಗೆದು ಹೊಸದೊಂದು ಪುಟದ ಮೇಲೆ ಅವರ ಊರು, ಹೆಸರು ಬರೆದುಕೊಂಡ. ಮಳೆಗಾಲದ ರಜೆಯಲ್ಲಿ ಅವರನ್ನು ಕರೆದುಕೊಂಡು ಆ ಮೂರು ಚಾವಡಿಗಳಿಗೆ ಹೋಗಿ ಬರುವುದೆಂದು ಮಾತಾಗಿದೆ. ಯಜಮಾನರುಗಳಿಗೆ ಕಾಗದ ಬರೆಯುವ ಕೆಲಸ ನನ್ನದು.